ಸೊಂಟದಲ್ಲಿ ಅಡಗಿದ ನಾಲ್ಕು ಬೆರಳು ಬಟ್ಟೆ

ಕಳೆದ ತಿಂಗಳು ಮಾನ್ವಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸಿನಿಂದ ಬೈಸಿಕೊಂಡೆ. ತಪ್ಪು ನನ್ನದೇ. ಆಕೆಯ ತೊಡೆಯ ಮೇಲೆ ಐದಾರು ವರ್ಷದ ಕೂಸೊಂದು ಬಾಯಿ ತೆರೆದು ಮಲಗಿತ್ತು. ಒಣ ಕಟ್ಟಿಗೆಗೆ ಗರಗಸ ಎಳೆದಂತೆ ಗೊರಕೆ. ಮೂರು ಸಲ ನೋಡಿ ಮುಖ ತಿರುಗಿಸಿದೆ. ನಾಲ್ಕನೇ ಸಲ ತಡೆಯಲಾಗಲಿಲ್ಲ.

"ಯವ್ವಾ, ಈ ಕೂಸಿನ ಗಂಟಲ ಒಮ್ಮೆ ಡಾಕ್ಟರಿಗೆ ತೋರಸವಾ. ತಡಾ ಮಾಡಿದ್ರ ಮಾರಿ ಉದ್ದ ಆಗ್ತದ" ಎಂದೆ.

ಆಕೆ ನನ್ನನ್ನು ಹಣೆಯಿಂದ ಗದ್ದದ ತನಕ ನಿಧಾನವಾಗಿ ನೋಡಿದಳು. ಅದು ಸಾಕಷ್ಟು ದೂರದ ಪ್ರಯಾಣ. "ಮೊದಲ ನಿಮ್ಮ ಮಾರಿ ನೋಡ್ಕೋರಿ" ಎಂದು ಕೂಸನ್ನು ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ನೋಡಿಕೊಂಡೇ ಹೇಳಿದೆನವ್ವ ಎನ್ನಬೇಕಿತ್ತು. ಆದರೆ ನನಗೆ ಸರಿಯಾದ ಉತ್ತರ ಹೊಳೆಯುವಷ್ಟರಲ್ಲಿ ಬಸ್ಸು ಕಲ್ಲೂರು ದಾಟಿರುತ್ತದೆ.

ನನ್ನ ಮುಖದ ವಿಷಯ ಈಗಲೇ ಹೇಳಿಬಿಡುತ್ತೇನೆ. ಉದ್ದ ಮುಖ. ಕೆನ್ನೆಗಳು ಒಳಗೆ ಹೋಗಿವೆ, ಮೇಲಿನ ಹಲ್ಲುಗಳು ಮುಂದೆ ಬಂದಿವೆ, ಗದ್ದ ನಾಚಿಕೊಂಡು ಹಿಂದೆ ನಿಂತಿದೆ. ಮೇಲಿನ ತುಟಿ ಗಿಡ್ಡ; ಬಾಯಿ ಮುಚ್ಚಬೇಕಾದರೆ ನೆನಪಿಟ್ಟುಕೊಂಡು ಮುಚ್ಚಬೇಕು. ನಾನು ಕಲಿಸುವ ಶಾಲೆಯಲ್ಲಿ ಮಕ್ಕಳು ನನ್ನನ್ನು ಬೆನ್ನ ಹಿಂದೆ "ಕುದರಿ ಅಕ್ಕೋರು" ಎನ್ನುವುದು ನನಗೆ ಗೊತ್ತು. ಕಿವಿ ಈಗ ಚೆನ್ನಾಗಿ ಕೇಳುತ್ತದಲ್ಲ. ಹುಟ್ಟುವಾಗ ಈ ಮುಖ ಹೀಗಿರಲಿಲ್ಲವಂತೆ. ನಾಲ್ಕನೇ ವರ್ಷದಿಂದ ಹತ್ತನೇ ವರ್ಷದ ಒಳಗೆ ಅದು ಹೀಗಾಯಿತು. ಆ ವರ್ಷಗಳಲ್ಲಿ ನಮ್ಮ ಮನೆಯವರು ನನ್ನ ಬಾಯಿಯ ಒಳಗೆ ನೋಡುವುದನ್ನು ಬಿಟ್ಟು ಒಬ್ಬರನ್ನೊಬ್ಬರು ಬೈಯುವುದರಲ್ಲಿ ತೊಡಗಿದ್ದರು.

ಆಗ ನಾವು ದೇವದುರ್ಗದಲ್ಲಿದ್ದೆವು. ಅಪ್ಪ ದರ್ಜಿ. ಬಜಾರದ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಕೈಯಿಂದ ತಿರುಗಿಸುವ ಮಿಷಿನ್ನು ಇಟ್ಟುಕೊಂಡು ಕೂಡುತ್ತಿದ್ದ. ಅಪ್ಪನಿಂದ ನನಗೆ ಹೊಲಿಗೆ ಬರಲಿಲ್ಲ, ಚಿಂತೆ ಮಾಡುವುದೊಂದು ಬಂತು. ಅದರಲ್ಲಿ ಆತ ಉಸ್ತಾದ. ಅಂಗಿಯ ತೋಳು ಗಿಡ್ಡವಾಯಿತೇನೋ ಎಂದು ಗಿರಾಕಿ ಮನೆ ಮುಟ್ಟಿದ ಮೇಲೆ ಹಿಂದೆಯೇ ಹೋಗಿ ಕೇಳಿಬರುವ ಮನುಷ್ಯ.

ಅದು ಜರ್ಮನ್ ಲಡಾಯಿಯ ಕಾಲ. ಬಟ್ಟೆಗೆ ಕಂಟ್ರೋಲು. ಹೀಗಾಗಿ ಹೆಣ್ಣುಮಕ್ಕಳ ಲಂಗ ಹೊಲಿಯುವಾಗ ಅಪ್ಪ ಕೆಳಗೆ ನಾಲ್ಕು ನಾಲ್ಕು ಬೆರಳಿನ ಮೂರು ಮಡಿಕೆ ಇಟ್ಟು ಹೊಲಿಯುತ್ತಿದ್ದ. ಮಗು ಬೆಳೆದಂತೆ ಯುಗಾದಿಗೊಂದು ಮಡಿಕೆ ಬಿಚ್ಚುವುದು. ಒಂದೇ ಲಂಗ ಮೂರು ನಾಲ್ಕು ವರ್ಷ ಬರುತ್ತಿತ್ತು. ಬಿಚ್ಚಿದ ಮಡಿಕೆಯೊಳಗಿನ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಒಗೆಯುವ ಸಬಕಾರ ಕಂಡಿರುವುದಿಲ್ಲ. ಅಲ್ಲಿ ಗಾಢ ಬಣ್ಣದ ಒಂದು ಪಟ್ಟೆ ಮೂಡುತ್ತಿತ್ತು. ಹಬ್ಬದ ದಿನ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಹುಡುಗಿಯರ ಲಂಗದ ಪಟ್ಟೆ ನೋಡುತ್ತಿದ್ದರು. ಒಂದು ಪಟ್ಟೆಯಾದರೆ ಸರಿ, ಎರಡಾದರೆ "ಏನಬೇ, ಜ್ವಾಳದ ದಂಟಿನಂಗ ಏಳಾಕತ್ತಾಳಲ್ಲ ನಿನ ಮಗಳು" ಎಂದು ಆಕೆಯ ತಾಯಿಗೆ ಹೇಳುತ್ತಿದ್ದರು.

ನನಗೆ ಆರು ತುಂಬಿದಾಗ ಅಪ್ಪ ಒಂದು ಹಸಿರು ಲಂಗ ಹೊಲಿದಿದ್ದ. ಏಳನೇ ವರ್ಷದ ಯುಗಾದಿಗೆ ಅದರ ಮಡಿಕೆ ಬಿಚ್ಚಲಾಗಲಿಲ್ಲ. ಬಿಚ್ಚಿದ್ದರೆ ನಾನು ಬಜಾರ ಗುಡಿಸುತ್ತ ನಡೆಯಬೇಕಾಗುತ್ತಿತ್ತು. ನನ್ನ ಜೊತೆಯವರೆಲ್ಲ ಅಪ್ಪನ ಕೈಯಿಂದಲೇ ಮಡಿಕೆ ಬಿಚ್ಚಿಸಿಕೊಂಡು ಹೋದರು. ದರ್ಜಿಯ ಸ್ವಂತ ಮಗಳು ಮಾತ್ರ ಹೋದ ವರ್ಷದ ಎತ್ತರದಲ್ಲೇ ನಿಂತಿದ್ದಳು.

ಬೆಳೆಯದಿರಲು ಕಾರಣ ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಒಂದೇ: ಊಟ ಎಂದರೆ ಕುಸ್ತಿ. ಮೂಗಿನಿಂದ ಉಸಿರು ಬರುತ್ತಿರಲಿಲ್ಲ. ರೊಟ್ಟಿಯ ತುಣುಕು ಬಾಯಿಗಿಟ್ಟು ಬಾಯಿ ಮುಚ್ಚಿದರೆ ಉಸಿರಿಲ್ಲ; ಉಸಿರಿಗೆಂದು ಬಾಯಿ ತೆರೆದರೆ ರೊಟ್ಟಿ ಹೊರಗೆ. ಅಗಿಯಬೇಕೋ ಬದುಕಬೇಕೋ ಎಂದು ತುತ್ತಿಗೊಮ್ಮೆ ತೀರ್ಮಾನಿಸಬೇಕು. ಅರ್ಧ ರೊಟ್ಟಿಗೇ ಸುಸ್ತಾಗಿ ಕೈ ತೊಳೆಯುತ್ತಿದ್ದೆ. ಕಿವಿಯೂ ಮಂದ. ಶಾಲೆಯಲ್ಲಿ ಮಾಸ್ತರು ಕರೆದರೆ ಕೇಳುತ್ತಿರಲಿಲ್ಲ. ಬಾಯಿ ತೆರೆದು ಅವರನ್ನೇ ನೋಡುತ್ತಿದ್ದೆ. ಬಾಯಿ ತೆರೆದವರಿಗೆ ಬುದ್ಧಿ ಇರುವುದಿಲ್ಲ ಎಂದು ಇಡೀ ಊರಿಗೇ ಗೊತ್ತಿತ್ತು.

ಅಪ್ಪನ ಅಕ್ಕ, ನನ್ನ ಸೋದರತ್ತೆ, ಮಾನ್ವಿಯಲ್ಲಿದ್ದಳು. ಆಕೆಯ ಗಂಡನದು ಹತ್ತಿ, ಶೇಂಗಾ ವ್ಯಾಪಾರ. ಆಕೆಯ ಮಗನಿಗೇ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿ ಇದ್ದಾಗಲೇ ಮಾತಾಗಿತ್ತು. ಐದನೇ ವರ್ಷಕ್ಕೆ ಅತ್ತೆ ನನ್ನ ಕಾಲಿಗೆ ಒಂದು ಜೊತೆ ಬೆಳ್ಳಿ ಕಡಗ ಹಾಕಿದಳು. ಬೆಳೆಯುವ ಕೂಸು ಎಂದು ದೊಡ್ಡದೇ ಮಾಡಿಸಿದ್ದಳು. ಓಡಿದರೆ ಜಾರಿ ಹೊರಗೆ ಬರುತ್ತಿದ್ದವು; ಅವ್ವ ಚಿಂದಿ ಸುತ್ತಿ ನಿಲ್ಲಿಸಿದ್ದಳು. ಹಾಕಿದ ಮೇಲೆ ವರ್ಷಕ್ಕೆ ಎರಡು ಸಲ ಅತ್ತೆ ಸವಾರಿ ಬಂಡಿ ಕಟ್ಟಿಸಿಕೊಂಡು ಬಂದು ನನ್ನನ್ನು ಪರೀಕ್ಷೆ ಮಾಡುವಳು. ಸಂತೆಯಲ್ಲಿ ಎಮ್ಮೆ ನೋಡುವವರಾದರೂ ಮೊದಲು ಅದರ ಬೆನ್ನು ಸವರುತ್ತಾರೆ. ಅತ್ತೆಗೆ ಆ ಪುರುಸೊತ್ತೂ ಇರಲಿಲ್ಲ.

"ಬಾಯಿ ಮುಚ್ಚಬೇ, ನೊಣಾ ಹೊಕ್ಕೀತು" ಎಂಬುದು ಆಕೆಯ ಮೊದಲ ಮಾತು. ಎರಡನೆಯದು ಅವ್ವನಿಗೆ: "ನಮ್ಮ ಮನ್ಯಾಗ ಇಂಥಾ ಮಾರಿ ಯಾರದೂ ಇಲ್ಲ. ಇದು ನಿಮ್ಮ ತವರಮನಿ ಮಾರಿ."

ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. "ನಮ್ಮಪ್ಪನ ಮಾರಿ ದುಂಡಗ ರೊಟ್ಟಿ ಹಂಗ ಇತ್ತು ಯಕ್ಕಾರ. ಈ ಉದ್ದ ಮಾರಿ ಯಾರದಂತ ಕನ್ನಡಿ ನೋಡಿದ್ರ ಗೊತ್ತಾಗ್ತದ. ನಿಮ್ಮ ಮನ್ಯಾಗ ಕನ್ನಡಿ ಇರಬೇಕಲ್ಲ, ಸಾವಕಾರ್ರು."

"ಏನಂದಿ?"

"ಕನ್ನಡಿ ಅಂದೆ."

ಅತ್ತೆಯದೂ ಉದ್ದ ಮುಖವೇ. ಅಡಕಿ ಕತ್ತರಿಸುವಾಗ ಆಕೆಯ ಬಾಯಿಯೂ ತೆರೆದುಕೊಳ್ಳುತ್ತಿತ್ತು. ಆದರೆ ಅದನ್ನು ಆಕೆಯ ಎದುರು ಹೇಳುವ ಧೈರ್ಯ ಅವ್ವನ ಹೊರತು ಇನ್ಯಾರಿಗೂ ಇರಲಿಲ್ಲ. ಅಪ್ಪ ಇಬ್ಬರ ನಡುವೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ; ಎಷ್ಟು ಹೊತ್ತಾದರೂ ದಾರ ಒಳಗೆ ಹೋಗುತ್ತಿರಲಿಲ್ಲ. ಹೀಗೆ ನನ್ನ ಮುಖ ಯಾವ ಮನೆತನದ್ದು ಎಂಬ ಜಗಳ ಎರಡು ವರ್ಷ ನಡೆಯಿತು. ಸೋದರಿಕೆಯಲ್ಲೇ ಕೊಟ್ಟು ತರುವ ನಮ್ಮಂಥವರಿಗೆ ಮುಖ ಎಂದರೆ ವಂಶ. ಅದು ರೋಗವೂ ಆಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಎಂಟನೇ ವರ್ಷದ ಯುಗಾದಿ ಬಂತು. ಅತ್ತೆ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಆಗ ಅಪ್ಪ ಒಂದು ಕೆಲಸ ಮಾಡಿದ. ದರ್ಜಿಯಾಗಿದ್ದ ತಂದೆ ಮಾತ್ರ ಮಾಡಬಹುದಾದ ಕೆಲಸ ಅದು. ನನ್ನ ಲಂಗದ ಕೆಳಗಿನ ಒಂದು ಮಡಿಕೆ ಬಿಚ್ಚಿದ. ಗಾಢ ಹಸಿರಿನ ಪಟ್ಟೆ ಚೆಂದವಾಗಿ ಹೊರಬಂತು. ಆಮೇಲೆ ಅಷ್ಟೇ ನಾಲ್ಕು ಬೆರಳು ಬಟ್ಟೆಯನ್ನು ಮೇಲೆ ಸೊಂಟದ ಪಟ್ಟಿಯೊಳಗೆ ಮಡಚಿ, ಹೊರಗೆ ಗೆರೆ ಕಾಣದಂತೆ ಹೊಲಿದುಬಿಟ್ಟ. ಲಂಗದ ಉದ್ದ ಇದ್ದಷ್ಟೇ ಉಳಿಯಿತು. ಪಟ್ಟೆ ಮಾತ್ರ ನಾನು ಬೆಳೆದೆನೆಂದು ಸಾಕ್ಷಿ ಹೇಳತೊಡಗಿತು.

ನಾನೂ ನಂಬಿದೆ. ಓಣಿ ತುಂಬ ಪಟ್ಟೆ ತೋರಿಸಿಕೊಂಡು ಬಂದೆ.

ಅತ್ತೆ ಬಂದಳು, ಪಟ್ಟೆ ನೋಡಿದಳು. ಆಮೇಲೆ "ಬಾ ಇಲ್ಲಿ" ಎಂದು ಹತ್ತಿರ ಎಳೆದುಕೊಂಡು ನನ್ನ ಸೊಂಟಕ್ಕೆ ಕೈ ಹಾಕಿದಳು. ಆಕೆಯೂ ದರ್ಜಿಯ ಮನೆಯಲ್ಲೇ ಹುಟ್ಟಿದವಳು ಎಂಬುದನ್ನು ಅಪ್ಪ ಮರೆತಿದ್ದ. ಎರಡು ಬೆರಳಿನಿಂದ ಪಟ್ಟಿಯನ್ನು ಹೊಸಕಿ ದಪ್ಪ ನೋಡಿದಳು.

"ಸೊಂಟದಾಗ ಏನಿಟ್ಟೀಯೋ ತಮ್ಮಾ?"

ಅಪ್ಪ ಸೂಜಿಗೆ ದಾರ ಪೋಣಿಸತೊಡಗಿದ.

"ಲೇ, ದರ್ಜಿ ಮಗಳ ಮುಂದ ದರ್ಜಿಕಿ ಮಾಡ್ತೀ? ಎರಡು ವರ್ಷದಾಗ ಒಂದು ಬೆರಳಷ್ಟೂ ಬೆಳದಿಲ್ಲ ಇದು. ಬೆಳದಂಗ ತೋರಿಸಿ ನನ್ನ ಮಗನ ಕೊರಳಿಗೆ ಕಟ್ಟಬೇಕಂತ ಮಾಡೀಯೇನು? ನಾ ನಿನಗ ಒಡಹುಟ್ಟಿದಾಕಿನೋ, ಬಜಾರದ ಗಿರಾಕಿನೋ?"

"ಅದಲ್ಲ ಯಕ್ಕಾ, ಓಣ್ಯಾನ ಮಂದಿ..."

"ಮಂದಿಗಿ ಹೊಲಿ ಹೋಗು ಸುಳ್ಳು ಲಂಗಾ!"

ಆ ಹಬ್ಬದ ಹೋಳಿಗೆಯನ್ನು ಯಾರೂ ಸರಿಯಾಗಿ ತಿನ್ನಲಿಲ್ಲ. ನಾನಂತೂ ಎಂದೂ ಸರಿಯಾಗಿ ತಿಂದವಳಲ್ಲ.

ಇನ್ನು ತಮ್ಮನ ಮೇಲೆ ಬಿಟ್ಟರೆ ಆಗದೆಂದು ಅತ್ತೆ ನನ್ನನ್ನು ತಾನೇ ಸರಿಮಾಡುವುದಾಗಿ ಬಂಡಿ ಹತ್ತಿಸಿಕೊಂಡು ಮಾನ್ವಿಗೆ ಹೋದಳು. ಆಕೆಯ ಪ್ರಕಾರ ನನ್ನ ಕಿರುನಾಲಿಗೆ ಬಿದ್ದಿತ್ತು. ಬಿದ್ದ ಕಿರುನಾಲಿಗೆ ಎತ್ತುವ ಮುದುಕನೊಬ್ಬ ಅವರ ಓಣಿಯಲ್ಲೇ ಇದ್ದ. ಮೊದಲ ದಿನ ನೆತ್ತಿಯ ಕೂದಲ ಜುಟ್ಟು ಹಿಡಿದು ಮೇಲಕ್ಕೆ ಜಗ್ಗಿದ. ಏನೂ ಏಳಲಿಲ್ಲ, ನಾನೇ ಎದ್ದು ನಿಂತೆ. ಎರಡನೇ ದಿನ ಉಪ್ಪು, ಅರಿಶಿನ, ಒಲೆಯ ಬೂದಿ ಕಲಸಿ ಹೆಬ್ಬೆಟ್ಟಿಗೆ ಹಚ್ಚಿಕೊಂಡು ನನ್ನ ಗಂಟಲಿಗೆ ಇಳಿಸಿದ. ಅತ್ತೆ ನನ್ನ ಎರಡೂ ಕೈ ಹಿಡಿದಿದ್ದಳು. ಮೂಗು ಮೊದಲೇ ಮುಚ್ಚಿತ್ತು. ಈಗ ಬಾಯಲ್ಲಿ ಅವನ ಹೆಬ್ಬೆಟ್ಟು. ಲೋಕದಲ್ಲಿ ಉಸಿರಿಗೆ ಇದ್ದ ಒಂದೇ ದಾರಿಯಲ್ಲಿ ಒಬ್ಬ ಮುದುಕ ನಿಂತಂತೆ. ಮೂರನೇ ದಿನ ಕಚ್ಚಿಬಿಟ್ಟೆ. ಮುಂದೆ ಬಂದ ಹಲ್ಲುಗಳಿಂದ ಈ ಜನ್ಮದಲ್ಲಿ ನನಗಾದ ಉಪಕಾರ ಅದೊಂದೇ.

ಮುದುಕ ಕೈ ಝಾಡಿಸುತ್ತ ಓಡಿದ. ನನಗೆ ಅಂದೇ ಜ್ವರ. ಎರಡು ದಿನದಲ್ಲಿ ಕಿವಿ ಸೋರತೊಡಗಿತು. ಅತ್ತೆ ಅದೇ ಬಂಡಿಯಲ್ಲಿ ನನ್ನನ್ನು ತಂದು ಅಂಗಳದಲ್ಲಿ ಇಳಿಸಿ, "ಮಬ್ಬು ಅಂತ ತಿಳದಿದ್ದೆ, ಕಡಿತದ ಸೈತ" ಎಂದು ಹೇಳಿ, ನೀರೂ ಕುಡಿಯದೆ ಹೋದಳು.

ಅದಾಗಿ ಕೆಲವು ವಾರಕ್ಕೆ ಊರೂರು ತಿರುಗಿ ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕುವ ಸರಕಾರಿ ನೌಕರನೊಬ್ಬ ಅಪ್ಪನ ಹತ್ತಿರ ಕೋಟು ಹೊಲಿಸಲು ಬಂದ. ನಾನು ಮಿಷಿನ್ನಿನ ಹಿಂದೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಅಪ್ಪ ಆತನ ಬೆನ್ನಿಗೆ ಟೇಪು ಇಟ್ಟ. ಆತ ಥಟ್ಟನೆ ತಿರುಗಿದ.

"ಇಲ್ಲಿ ಯಾರು ಮಲಗ್ಯಾರ?"

"ಯಾರೂ ಇಲ್ರಿ. ನನ್ನ ಮಗಳು, ಗುಂಡಿ ಹಚ್ಚಾಕತ್ತಾಳ."

"ಎಚ್ಚರಿದ್ದು ಗೊರಕಿ ಹೊಡೀತಾಳಾ? ಬಾ ಬೇಟಿ, ಬಾಯಿ ಮುಚ್ಚಿ ಇಪ್ಪತ್ತು ಎಣಿಸು ಮನಸಿನಾಗ."

ಏಳಕ್ಕೇ ಬಾಯಿ ತೆರೆದೆ. ಆತ ನನ್ನನ್ನು ಬಿಸಿಲಿಗೆ ನಿಲ್ಲಿಸಿ, ಚಮಚದ ಹಿಡಿಕೆಯಿಂದ ನಾಲಿಗೆ ಒತ್ತಿ ನೋಡಿದ. "ಯಾ ಅಲ್ಲಾ! ಎರಡೂ ಕಡೆ ಬಾರಿಹಣ್ಣಿನಷ್ಟು ಗಂಟು ಅದಾವಲ್ಲೋ ದರ್ಜಿ. ಮೂಗಿನ ಹಿಂದೂ ಮಾಂಸ ಬೆಳದಿರಬೇಕು. ಕೋಟು ಆಮ್ಯಾಲ ಹೊಲಿ. ಈಕಿನ್ನ ರಾಯಚೂರ ದವಾಖಾನಿಗೆ ಒಯ್ಯಿ, ತಗಸು."

ಅಪ್ಪ ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಎಷ್ಟು ಬೆರಳು ಕತ್ತರಸ್ತಾರ್ರಿ?"

ಆ ಮಾತು ಮಾನ್ವಿಗೆ ಮುಟ್ಟಿತು. ಅತ್ತೆ ಈ ಸಲ ತಾನು ಬರಲಿಲ್ಲ, ಗಂಡನ ಅಂಗಡಿಯ ಗುಮಾಸ್ತನನ್ನು ಕಳಿಸಿದಳು. ಆತ ಹೊಸ್ತಿಲ ಹೊರಗೇ ನಿಂತು, ಕಂಠಪಾಠ ಒಪ್ಪಿಸುವವನಂತೆ ಹೇಳಿದ: "ಗಂಟಲ ಕೊಯ್ಸಿಕೊಂಡ ಹುಡುಗಿ ನಮ್ಮ ಹೊಸ್ತಲ ದಾಟಂಗಿಲ್ಲ ಅಂದಾರ್ರಿ. ದನಿ ಹೋಗ್ತದಂತ, ಮುಂದ ಮಕ್ಕಳೂ ಆಗಂಗಿಲ್ಲಂತ. ಕೊಯ್ಸಿದ್ರ ಕಡಗ ತಿರುಗಿ ಕಳಸ್ರಿ ಅಂದಾರ್ರಿ."

"ದನಿ ಹೋಗೋದಾದ್ರ ಮೊದಲ ಅವರಿಗೇ ಹೋಗಲಿ ಅಂತ ಹೇಳು" ಎಂದಳು ಅವ್ವ ಒಳಗಿನಿಂದ.

ಗುಮಾಸ್ತ ಅಪ್ಪನ ಮುಖ ನೋಡಿದ. "ಅಷ್ಟು ಹೇಳಬ್ಯಾಡ್ರಿ" ಎಂದ ಅಪ್ಪ.

ಈಗ ಅಪ್ಪನ ಮುಂದೆ ಎರಡು ಬಟ್ಟೆ ಇದ್ದವು, ಒಂದನ್ನು ಕತ್ತರಿಸಲೇಬೇಕು. ಕೊಯ್ಯಿಸಿದರೆ ಸಂಬಂಧ ಹೋಗುತ್ತದೆ, ಅಕ್ಕ ಹೋಗುತ್ತಾಳೆ. ಈ ಮುಖದ ಹುಡುಗಿಯನ್ನು ಬೇರೆ ಯಾರು ಕೇಳಿ ಬಂದಾರು? ಬಿಟ್ಟರೆ ನಾನು ಹೀಗೆಯೇ ಇರುತ್ತೇನೆ. ಬೇರೆ ಮನುಷ್ಯನಾದರೆ ಒಂದು ವಾರ ಚಿಂತಿಸುತ್ತಿದ್ದ. ಅಪ್ಪ ಒಂದು ವರ್ಷ ಚಿಂತಿಸಿದ. ರಕ್ತ ನಿಲ್ಲದಿದ್ದರೆ? ಮೂರ್ಛೆಯ ಮದ್ದು ಕೊಟ್ಟ ಮೇಲೆ ಏಳದಿದ್ದರೆ? ಬಸ್ಸು ದಾರಿಯಲ್ಲಿ ಕೆಟ್ಟರೆ? ಒಮ್ಮೆ, ದವಾಖಾನೆಯ ಕತ್ತರಿಗೆ ಸಾಣೆ ಯಾರು ಹಿಡಿಯುತ್ತಾರೆ ಎಂದೂ ಯೋಚಿಸಿದ. "ಕತ್ತರಿ ಹಾಕಿದ ಮ್ಯಾಲ ಹೊಂದಿಸಾಕ ಬರಂಗಿಲ್ಲಬೇ" ಎಂದು ಅವ್ವನಿಗೆ ಹೇಳುತ್ತಿದ್ದ. ಆತನ ಮೇಲೆ ಈಗ ನನಗೆ ಕನಿಕರವಿದೆ. ಆದರೆ ಕನ್ನಡಿಯ ಮುಂದೆ ನಿಂತಾಗ ಇರುವುದಿಲ್ಲ. ನನ್ನ ಬಾಯೊಳಗಿನ ಅಂಗಳು ಕಿರಿದಾಗಿ ಮೇಲೆ ಏರಿದ್ದು, ಗದ್ದ ಹಿಂದೆ ಸರಿದದ್ದು ಆ ವರ್ಷದ ಯಾವ ತಿಂಗಳಲ್ಲಿ ಎಂದು ಲೆಕ್ಕ ಹಾಕುತ್ತೇನೆ. ರಕ್ತದ ಚಿಂತೆಯ ತಿಂಗಳಲ್ಲೋ, ಸಾಣೆಯ ಚಿಂತೆಯ ತಿಂಗಳಲ್ಲೋ?

ಒಂಬತ್ತನೇ ವರ್ಷದ ಯುಗಾದಿಯೂ ಬಂತು. ಹಬ್ಬದ ಹಿಂದಿನ ದಿನ ಅಪ್ಪ ಜಗಲಿಯ ಮೇಲೆ ನನ್ನ ಹಸಿರು ಲಂಗ ಹರವಿಕೊಂಡು ಎರಡನೇ ಮಡಿಕೆ ಬಿಚ್ಚತೊಡಗಿದ್ದ. ಅವ್ವ ಅವನಿಗೆ ಬುತ್ತಿ ತಂದವಳು ಅದನ್ನು ಕಂಡಳು. ಬಜಾರದಲ್ಲಿ ತಲೆಯ ಸೆರಗು ಸರಿಯದಂತೆ ನಡೆಯುವ ಹೆಂಗಸು, ಬುತ್ತಿ ಕೆಳಗಿಟ್ಟು ಲಂಗ ಕಸಿದುಕೊಂಡಳು. ಜಗಲಿಯ ಮೇಲೆ ನಾಲ್ಕೈದು ಗಿರಾಕಿಗಳಿದ್ದರು.

"ಇದನ್ನೂ ಸೊಂಟಕ್ಕ ಏರಿಸ್ತೀರೇನು?"

"ಮೆಲ್ಲಕ ಮಾತಾಡಬೇ."

"ಯಾಕ ಮೆಲ್ಲಕ? ಹೋದ ವರ್ಷ ಒಂದು ಏರಿಸಿದ್ರಿ. ಈ ವರ್ಷ ಇನ್ನೊಂದು. ಹಿಂಗ ಏರಿಸಿಕೋತ ಹೋದ್ರ ಕೊರಳತನಾ ಬರ್ತದ ಬಟ್ಟಿ. ಕೂಸಿನ್ನ ಲಂಗದಾಗ ಹೂಳ್ತೀರೇನು? ನಿಮಗ ಅಕ್ಕ ಬೇಕಾಗಿದ್ರ ಮಾನ್ವಿಗೆ ಹೋಗಿ ಅಕಿ ಮನ್ಯಾಗ ಇರ್ರಿ. ನಾ ರಾಯಚೂರಿಗಿ ಹೊಂಟೀನಿ, ನೀವು ಬರ್ರಿ, ಬಿಡ್ರಿ."

ಗಿರಾಕಿಗಳು ಬಟ್ಟೆಯ ಥಾನುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಅಪ್ಪ ಕತ್ತರಿಯನ್ನು ಮಿಷಿನ್ನಿನ ಖಾನೆಯೊಳಗೆ ಇಟ್ಟ. ಹಬ್ಬ ಮುಗಿದ ನಾಲ್ಕನೇ ದಿನ ಮೂವರೂ ಬಸ್ಸು ಹತ್ತಿದೆವು.

ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು ಅದು. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕಬೇಕು. ಅಪ್ಪ ಚಿಂತಿಸಿದಂತೆಯೇ ದಾರಿಯಲ್ಲಿ ಎರಡು ಸಲ ಕೆಟ್ಟಿತು. ಪ್ರತಿ ಸಲವೂ ಆತ "ನಾ ಹೇಳಿರಲಿಲ್ಲೇನು?" ಎಂಬಂತೆ ಅವ್ವನ ಕಡೆ ನೋಡಿದ. ಅವ್ವ ಹೊಲ ನೋಡುತ್ತಿದ್ದಳು.

ರಾಯಚೂರಿನ ದವಾಖಾನೆಯ ಡಾಕ್ಟರು ಹೈದರಾಬಾದಿನ ಕಡೆಯವರು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡಿದ್ದರು. ಅಪ್ಪ ನನ್ನನ್ನು ಒಳಗೆ ಕರೆದೊಯ್ದ, ಅವ್ವ ಹೊರಗೇ ಕೂತಳು. ನನ್ನ ಗಂಟಲು, ಕಿವಿ, ಹಲ್ಲು ಎಲ್ಲ ನೋಡಿ, ಬೆರಳಿನಿಂದ ಅಂಗಳು ತಡವಿ, ಮಾರನೆಯ ಬೆಳಿಗ್ಗೆಗೆ ತಯಾರಾಗಲು ಹೇಳಿದರು.

ಆ ಬೆಳಿಗ್ಗೆ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದೇವೆ, ಎದುರಿಗೆ ಅತ್ತೆ! ಗಂಡನ ಹತ್ತಿ ಬಂಡಿಗಳ ಜೊತೆ ರಾಯಚೂರಿಗೆ ಬಂದವಳಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಬಂದವಳೇ ನನ್ನ ತೋಳು ಹಿಡಿದು ಎಬ್ಬಿಸಿದಳು.

"ಏಳಬೇ. ಹಳೀ ಅಂಗಿ ಹರದಂಗ ನಿನ್ನ ಹರಿಸ್ತಾರ ಇವರು. ತಮ್ಮಾ, ಕಡೀ ಮಾತು ಹೇಳ್ತೀನಿ. ಈ ಬಾಗಿಲ ಒಳಗ ಈಕಿ ಹೋದ್ರ ನಿನಗ ಅಕ್ಕ ಇಲ್ಲ."

ಅಪ್ಪ ಎದ್ದು ನಿಂತ. ಅಷ್ಟರಲ್ಲಿ ಡಾಕ್ಟರು ಬಾಗಿಲು ತೆರೆದರು. ನನ್ನನ್ನು ನೋಡಿದರು, ನನ್ನ ತೋಳು ಹಿಡಿದಿದ್ದ ಅತ್ತೆಯನ್ನು ನೋಡಿದರು, ಸಮಾಧಾನದ ದನಿಯಲ್ಲಿ, "ಅಂಜಬ್ಯಾಡಮ್ಮ. ತಾಯಿ ನೀವೇ ಅಲ್ಲಾ? ಮಾರಿ ನೋಡಿದ್ರ ತಿಳೀತದ. ನಿಮಗೂ ಸಣ್ಣಾಕಿ ಇದ್ದಾಗ ಇದ ಬ್ಯಾನಿ ಇತ್ತು, ಯಾರೂ ತಗಸಲಿಲ್ಲ" ಎಂದರು.

ಅತ್ತೆಯ ಬಾಯಿ ತೆರೆದುಕೊಂಡಿತು. ತೆರೆದೇ ಇತ್ತು.

ಅವ್ವ ಸೆರಗು ಬಾಯಿಗಿಟ್ಟುಕೊಂಡರೂ ನಗೆ ಹೊರಬಂತು. ಮಗಳ ಗಂಟಲು ಕೊಯ್ಯುವ ಬೆಳಿಗ್ಗೆ ದವಾಖಾನೆಯಲ್ಲಿ ನಕ್ಕ ತಾಯಿ ಆಕೆಯೊಬ್ಬಳೇ ಇರಬೇಕು. "ಕೇಳ್ರಿ ಯಕ್ಕಾರ. ಯಾರ ಮನಿ ಮಾರಿ?"

"ಯಾರ ಮನೀದೂ ಅಲ್ಲ ಇದು" ಎಂದರು ಡಾಕ್ಟರು, ಜಗಳ ತಿಳಿಯದೆ. "ಮೂಗಿನ ದರವಾಜಾ ಬಂದ್ ಆದ್ರ ಕೂಸು ಬಾಯಿ ತಕ್ಕೊಂಡೇ ಇರಬೇಕು. ನಾಲಿಗಿ ಕೆಳಗ ಬೀಳ್ತದ, ಅಂಗಳ ಮ್ಯಾಲ ಏರತದ, ಹಲ್ಲಿಗೆ ಜಾಗಾ ಸಾಲದು. ಮಾರಿ ಉದ್ದಕ ಬೆಳೀತದ. ರಾತ್ರಿಯೆಲ್ಲಾ ಉಸಿರಿಗೇ ಜಗ್ಗಾಡಿದ್ರ ಮೈ ಬೆಳೆಯಾಕ ಏನು ಉಳೀತದ?"

ಅತ್ತೆ ನನ್ನ ತೋಳು ಬಿಟ್ಟಳು. ಅಪ್ಪನ ಕಡೆ ನೋಡಿ "ಹೊರಗಿನವರ ಮುಂದ ನನ್ನ ಮಾರಿ ಹರಾಜು ಹಾಕಿದಿ" ಎಂದಳು. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಬಾಗಿಲಿನ ಒಳಗೆ ನೂಕಿದ. ಅಪ್ಪ ಅಕ್ಕನ ವಿರುದ್ಧ ಮಾಡಿದ ಕೆಲಸ ಅದೊಂದೇ.

ಒಳಗೆ ಮುಖದ ಮೇಲೆ ಬಟ್ಟೆ ಇಟ್ಟು ಮದ್ದು ಹನಿಸಿದರು. ಎದ್ದಾಗ ಬಾಯಿ ತುಂಬ ರಕ್ತದ ರುಚಿ, ಗಂಟಲಲ್ಲಿ ಕೆಂಡ. ಅಪ್ಪ ಸ್ಟೇಷನ್ನಿನ ಕಡೆ ಓಡಿ, ಕಟ್ಟಿಗೆಯ ಹೊಟ್ಟಿನಲ್ಲಿ ಸುತ್ತಿದ ಬರ್ಫದ ಗಡ್ಡೆ ತಂದು ಚೂರು ಮಾಡಿ ಬಾಯಿಗಿಡುತ್ತಿದ್ದ. ಮೂರನೇ ದಿನವೋ ನಾಲ್ಕನೇ ದಿನವೋ ಅಪ್ಪ ನನ್ನ ಮೇಲೆ ಬಾಗಿದಾಗ ಮೂಗಿನೊಳಗೆ ಏನೋ ಹೊಕ್ಕಿತು. ಗಾಬರಿಯಾದೆ. ಅದು ವಾಸನೆ. ಮಿಷಿನ್ನಿನ ಎಣ್ಣೆ, ಬೆವರು, ಕೋರಾ ಬಟ್ಟೆಯ ಗಂಜಿ. ಅಪ್ಪನಿಗೆ ಒಂದು ವಾಸನೆ ಇದೆ ಎಂದು ನನಗೆ ಆ ವಯಸ್ಸಿಗೆ ಗೊತ್ತಾಯಿತು.

ಹೊರಡುವ ದಿನ ಅಪ್ಪ ಡಾಕ್ಟರನ್ನು ಕೇಳಿದ: "ಮಾರಿ ಸರಿ ಆಗ್ತದೇನ್ರಿ?"

"ನಿದ್ದಿ ಬರ್ತದ, ಊಟ ಹೋಗ್ತದ, ಬೆಳೀತಾಳ. ಕಿವಿನೂ ಸುಧಾರಿಸ್ತದ. ಮಾರಿ..." ಡಾಕ್ಟರು ನನ್ನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿದರು. "ಅರ್ಧಾ ಸರಿ ಆಗಬಹುದು. ಅರ್ಧಾ ಹಿಂಗೇ ಉಳೀತದ. ಎರಡು ವರ್ಷ ಮೊದಲ ಯಾಕ ತರಲಿಲ್ಲ?"

ಅಪ್ಪ ಬಟ್ಟೆಯ ಗಂಟು ಎತ್ತಿಕೊಂಡು ಬಾಗಿಲ ಕಡೆ ನಡೆದ. ಸಾಯುವವರೆಗೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ನನ್ನ ಮುಖ ನೋಡಿ ತಟ್ಟೆಯ ಕಡೆ ತಿರುಗುತ್ತಿದ್ದ. ನಾನೂ ಆತನನ್ನು ಸುಲಭಕ್ಕೆ ಬಿಟ್ಟವಳಲ್ಲ, ಹದಿನಾರರ ವಯಸ್ಸಿನಲ್ಲಿ "ನನ್ನ ಗದ್ದ ಎಲ್ಲಿ ಇಟ್ಟೀ ಯಪ್ಪಾ, ಸೊಂಟದಾಗೇನು?" ಎಂದು ಕೇಳಿದ್ದೇನೆ. ಕೇಳಬಾರದಿತ್ತು ಎಂದು ಅಂದಿನಿಂದ ಇಂದಿನವರೆಗೂ ಚಿಂತೆ ಮಾಡುತ್ತಿದ್ದೇನೆ.

ಊರಿಗೆ ಬಂದ ಮೇಲೆ ನಾನು ತಿನ್ನತೊಡಗಿದೆ. ಒಂದು ರೊಟ್ಟಿ, ಎರಡು, ಮೂರು. ಅವ್ವ ಮೊದಲು ಹಿಗ್ಗಿದಳು, ಆಮೇಲೆ ಜೋಳದ ಚೀಲದ ಕಡೆ ನೋಡತೊಡಗಿದಳು. ಆ ವರ್ಷ ಮುಗಿಯುವುದರೊಳಗೆ ಹಸಿರು ಲಂಗ ಮೊಣಕಾಲಿನ ಕಡೆ ಏರಿತು. ಹತ್ತನೇ ವರ್ಷದ ಯುಗಾದಿಗೆ ಅಪ್ಪ ಕೆಳಗೆ ಉಳಿದಿದ್ದ ಎರಡೂ ಮಡಿಕೆ ಒಟ್ಟಿಗೇ ಬಿಚ್ಚಿದ. ಸಾಲಲಿಲ್ಲ. ಆಗ ಸೊಂಟದ ಹೊಲಿಗೆಗೆ ಸೂಜಿ ಹಾಕಿ, ಎರಡು ವರ್ಷದ ಹಿಂದೆ ತಾನೇ ಅಡಗಿಸಿದ್ದ ನಾಲ್ಕು ಬೆರಳು ಬಟ್ಟೆಯನ್ನು ಒಂದೊಂದೇ ಎಳೆ ಕಿತ್ತು ಕೆಳಗೆ ಇಳಿಸಿದ. ಲಂಗದ ಮೇಲುಗಡೆ ಬಣ್ಣ ಗಾಢ, ನಡುವೆ ಮಾಸಲು, ಕೆಳಗೆ ಮತ್ತೆ ಗಾಢ. ಅಂಥ ವಿಕಾರವಾದ ಲಂಗ ದೇವದುರ್ಗದಲ್ಲಿ ಇನ್ನೊಂದಿರಲಿಲ್ಲ. ಅದನ್ನು ತೊಟ್ಟು ನಾನು ಓಣಿ ಸುತ್ತಿದೆ.

ಹಬ್ಬದ ಮಾರನೆಯ ದಿನ ಅತ್ತೆ ಬಂದಳು. ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತು ಮಾಡಿದ್ದಳು. ಕಡಗ ಒಯ್ಯಲು ತಾನೇ ಬಂದಿದ್ದಳು. ಕಟ್ಟೆಯ ಮೇಲೆ ಕೂತು, ಕರೆಯದೆಯೇ ನನ್ನನ್ನು ಜಗ್ಗಿಕೊಂಡು ಸೊಂಟಕ್ಕೆ ಕೈ ಹಾಕಿದಳು. ಪಟ್ಟಿಯನ್ನು ಬೆರಳಿನಿಂದ ಹೊಸಕಿದಳು. ಸುತ್ತ ತಡವಿದಳು. ಏನೂ ಸಿಗಲಿಲ್ಲ. ಆಕೆಯ ಮುಖ ಇನ್ನಷ್ಟು ಉದ್ದವಾಯಿತು.

"ಕಡಗ ಕೊಡ್ರಿ" ಎಂದಳು.

"ಅದಾವಲ್ಲ ಕಾಲಾಗ, ತಕ್ಕೋರಿ" ಎಂದಳು ಅವ್ವ.

ಅತ್ತೆ ಬಗ್ಗಿ ಕಡಗ ಹಿಡಿದು ಎಳೆದಳು. ಚಿಂದಿ ಎಂದೋ ಬಿಚ್ಚಿತ್ತು. ಒಂದು ಕಾಲಕ್ಕೆ ಓಡಿದರೆ ಜಾರುತ್ತಿದ್ದ ಕಡಗ ಈಗ ಹಿಮ್ಮಡಿ ದಾಟಲಿಲ್ಲ. ಸಬಕಾರ ಹಚ್ಚಿದಳು. ಕೊಬ್ಬರಿ ಎಣ್ಣೆ ಹಚ್ಚಿದಳು. ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆವರುತ್ತ ತಿರುವಿದಳು. ನಾನು ಬಾಯಿ ಮುಚ್ಚಿಕೊಂಡು, ಮೂಗಿನಿಂದ ಉಸಿರಾಡುತ್ತ, ಆಕೆಯ ತಲೆಯ ಎಣ್ಣೆಯ ವಾಸನೆ ನೋಡುತ್ತ ನಿಂತಿದ್ದೆ. ಸಹಾಯ ಮಾಡಬಹುದಿತ್ತು, ಪಾದ ಸ್ವಲ್ಪ ಕಿರಿದು ಮಾಡಿ ಕೊಡಬಹುದಿತ್ತು. ಮಾಡಲಿಲ್ಲ. ಬೆರಳುಗಳನ್ನು ಅಗಲಿಸಿ ಹಿಡಿದಿದ್ದೆ.

ಕೊನೆಗೆ ಬೆಳ್ಳಿ ಬಂಗಾರದ ಕೆಲಸದ ಪತ್ತಾರನನ್ನು ಕರೆಸಬೇಕಾಯಿತು. ಆತ ಸಣ್ಣ ಗರಗಸದಿಂದ ಎರಡೂ ಕಡಗ ಕೊಯ್ದ.

"ಬೆಳ್ಳಿ ಹಾಳಾತು" ಎಂದಳು ಅತ್ತೆ.

"ಕಾಲು ಬೆಳದಾವ್ರೀ ಯಕ್ಕಾರ" ಎಂದಳು ಅವ್ವ.

ಅತ್ತೆ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂಡಿ ಹತ್ತಿದಳು. ಅಪ್ಪ ಬಂಡಿಯ ಹಿಂದೆ ನಾಲ್ಕು ಹೆಜ್ಜೆ ಹೋದ, ಏನೋ ಹೇಳುವವನಂತೆ. ಆಕೆ ತಿರುಗಿ ನೋಡಲಿಲ್ಲ. ಆತ ಹಿಂದಿರುಗಿ ಬಂದು ನನ್ನನ್ನು ಗೋಡೆಗೆ ನಿಲ್ಲಿಸಿ, ಟೇಪು ತೆಗೆದು, ಸೊಂಟದಿಂದ ಹಿಮ್ಮಡಿಯವರೆಗೆ ಅಳೆದ. ನಂಬಿಕೆ ಬರದೆ ಮತ್ತೊಮ್ಮೆ ಅಳೆದ.